ಎರವಲು ಪೊರೆಗಳ ಇನ್ನೂರು ವರ್ಷ

2019ರ ಮೇ 23ರ ಸಂಜೆ ದಕ್ಷಿಣ ಕೊರಿಯಾದ ಪೂರ್ವ ಕರಾವಳಿಯ ಗಾಂಗ್‌ನಂಗ್ ನಗರದಲ್ಲಿ ಜಲಜನಕದ ಟ್ಯಾಂಕುಗಳು ಸಿಡಿದವು. ಇಬ್ಬರು ಸತ್ತರು, ಆರು ಮಂದಿ ಗಾಯಗೊಂಡರು. ಬಿಸಿಲಿನಿಂದ ವಿದ್ಯುತ್ತು, ವಿದ್ಯುತ್ತಿನಿಂದ ಜಲಜನಕ, ಬೇಕೆಂದಾಗ ಜಲಜನಕದಿಂದ ಮತ್ತೆ ವಿದ್ಯುತ್ತು ಎಂಬ ಹೊಸ ಆಸೆಯನ್ನು ಪರೀಕ್ಷೆಗೆ ಒಡ್ಡಿದ್ದ ಜಾಗ ಅದು. ತನಿಖೆ ನಡೆದಾಗ ತಿಳಿದದ್ದು ಇಷ್ಟು: ಜಲಜನಕ ಮಾತ್ರ ಇರಬೇಕಾದ ಟ್ಯಾಂಕಿನೊಳಗೆ ಸ್ಫೋಟಕ್ಕೆ ಸಾಕಾಗುವಷ್ಟು ಆಮ್ಲಜನಕ ಸೇರಿಕೊಂಡಿತ್ತು.

ನೀರನ್ನು ಒಡೆಯುವುದು ದೊಡ್ಡ ಕೆಲಸವೇನಲ್ಲ. ಚೂರು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬ್ಯಾಟರಿಯ ಎರಡು ತಂತಿ ಅದ್ದಿ ಹೈಸ್ಕೂಲಿನ ಮಕ್ಕಳೂ ಗುಳ್ಳೆ ಎಬ್ಬಿಸುತ್ತಾರೆ. ಒಡೆದ ಎರಡು ಅನಿಲಗಳು ಮತ್ತೆ ಒಂದಾಗದಂತೆ ಕಾಯುವುದೇ ಕಷ್ಟ. ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕವಿದ್ದರೂ ಕಿಡಿ ತಾಕಿದರೆ ಹತ್ತಿಕೊಳ್ಳುತ್ತದೆ, 75 ಪಾಲು ಇದ್ದರೂ ಹತ್ತಿಕೊಳ್ಳುತ್ತದೆ. ಆದ್ದರಿಂದ ಎರಡು ವಿದ್ಯುದ್ವಾರಗಳ ನಡುವೆ ಒಂದು ಗೋಡೆ ಬೇಕು. ಆ ಗೋಡೆಯ ಮೂಲಕ ವಿದ್ಯುತ್ತನ್ನು ಹೊತ್ತ ಅಯಾನುಗಳು ದಾಟಬೇಕು, ಅನಿಲ ದಾಟಬಾರದು. ಬಿಸಿಲು ಇಳಿದು ವಿದ್ಯುತ್ತು ಕಡಿಮೆಯಾದಾಗ ಇದು ಇನ್ನೂ ಬಿಕ್ಕಟ್ಟಿನ ವಿಷಯ. ಅನಿಲದ ಉತ್ಪಾದನೆ ತಗ್ಗುತ್ತದೆ, ಗೋಡೆಯಲ್ಲಿ ಜಿನುಗುವ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಹೀಗಾಗಿ ಮಿಶ್ರಣದಲ್ಲಿ ಬೇಡದ ಅನಿಲದ ಪಾಲು ಏರುತ್ತ ಹೋಗುತ್ತದೆ.

ಈ ತೆಳು ಗೋಡೆಯ ಚರಿತ್ರೆಯನ್ನು ಬಿಡಿಯಾಗಿ ಬರೆದವರು ಕಡಿಮೆ. ವೋಲ್ಟಾನ ಬ್ಯಾಟರಿಗೆ ಅಧ್ಯಾಯಗಳಿವೆ, ಪ್ಲಾಟಿನಂಗೆ ಅಧ್ಯಾಯಗಳಿವೆ, ನಡುವಿನ ಪೊರೆಗೆ ಅಡಿಟಿಪ್ಪಣಿ. ಆದರೆ ಆ ಅಡಿಟಿಪ್ಪಣಿಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜಲಜನಕ ತನ್ನ ಪೊರೆಯನ್ನು ಬಹುಪಾಲು ಬೇರೆಯವರ ಮನೆಯಿಂದ ಎರವಲು ತಂದಿದೆ, ಮತ್ತು ಪ್ರತಿ ಎರವಲಿನ ಜೊತೆಗೂ ಬೇರೆ ಯಾರೋ ತೀರಿಸಿದ ಒಂದು ಸಾಲ ಬಂದಿದೆ.

1800ರ ಮಾರ್ಚ್‌ನಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ತನ್ನ ಹೊಸ ಉಪಕರಣವಾದ ಬ್ಯಾಟರಿಯ ವಿವರ ಬರೆದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಕಾಗದ ಅಚ್ಚಾಗುವ ಮೊದಲೇ ಸುದ್ದಿ ಶಸ್ತ್ರವೈದ್ಯ ಆಂಟನಿ ಕಾರ್ಲೈಲ್‌ನ ಕಿವಿಗೆ ಬಿತ್ತು. ಅವನು ಗೆಳೆಯ ವಿಲಿಯಂ ನಿಕಲ್ಸನ್‌ನ ಜೊತೆ ಸೇರಿ ಆ ಉಪಕರಣವನ್ನು ತಾನೇ ಕಟ್ಟಿದ. ತಂತಿ ಚೆನ್ನಾಗಿ ತಾಗಲೆಂದು ಮೇಲಿನ ತಟ್ಟೆಯ ಮೇಲೆ ಒಂದು ಹನಿ ನೀರು ಹಾಕಿದಾಗ ಸಣ್ಣ ಗುಳ್ಳೆಗಳು ಕಂಡವು. ಮೇ 2ರಂದು ಗಾಜಿನ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಯಿಂದ ತಂತಿ ಇಳಿಸಿ ನೋಡಿದರು. ಒಂದು ತಂತಿಯಲ್ಲಿ ಜಲಜನಕ ಎದ್ದಿತು, ಇನ್ನೊಂದು ಹಿತ್ತಾಳೆಯ ತಂತಿ ಕಪ್ಪಿಟ್ಟಿತು. ಅದರ ಬದಲು ಪ್ಲಾಟಿನಂ ತಂತಿ ಹಾಕಿದಾಗ ಅಲ್ಲಿ ಆಮ್ಲಜನಕ ಎದ್ದಿತು. ಗೋಡೆಯ ಅಗತ್ಯ ಆಗ ಯಾರಿಗೂ ಕಾಣಲಿಲ್ಲ. ತಂತಿಗಳನ್ನು ದೂರ ದೂರ ಇಟ್ಟರೆ ಅನಿಲಗಳು ತಾವೇ ಬೇರೆಯಾಗಿ ಏಳುತ್ತಿದ್ದವು.

ಆದರೆ ಆ ದೂರವೇ ಒಂದು ಒಗಟಾಯಿತು. ಒಂದೇ ನೀರು ಒಡೆದಿದ್ದಾದರೆ ಅದರ ಎರಡು ಭಾಗಗಳು ಇಷ್ಟು ದೂರದಲ್ಲಿ ಹೇಗೆ ಹೊರಬರುತ್ತವೆ? ನಡುವಿನ ನೀರಿನಲ್ಲಿ ಯಾವ ಸುಳಿವೂ ಇಲ್ಲವಲ್ಲ? ಇದಕ್ಕೆ ಆಗ ಇಟಲಿಯಲ್ಲಿದ್ದ ಥಿಯೋಡೋರ್ ಗ್ರೋಟ್ಹುಸ್ ಎಂಬ ಇಪ್ಪತ್ತರ ತರುಣ ಉತ್ತರ ಹೇಳಿದ. 1806ರಲ್ಲಿ ಅದು ಫ್ರೆಂಚ್ ಪತ್ರಿಕೆಯಲ್ಲಿ ಬಂತು. ಬೆಂಕಿ ಬಿದ್ದ ಮನೆಗೆ ಊರಿನವರು ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ನೀರಿನ ಕಣಗಳು ನಿಂತಲ್ಲೇ ನಿಂತು ತಮ್ಮ ಪಾಲನ್ನು ಪಕ್ಕದ ಕಣಕ್ಕೆ ಕೊಡುತ್ತ ಹೋಗುತ್ತವೆ ಎಂದ. ಅಯಾನು ಎಂಬ ಕಲ್ಪನೆಯೇ ಇನ್ನೂ ಹುಟ್ಟಿರಲಿಲ್ಲ. ಅವನ ವಿವರಣೆಯಲ್ಲಿ ತಿದ್ದಬೇಕಾದ್ದು ಬಹಳವಿತ್ತು. ತಿರುಳು ಮಾತ್ರ ಉಳಿಯಿತು. ಇವತ್ತಿಗೂ ಪೊರೆಯೊಳಗೆ ಪ್ರೋಟಾನು ಸಾಗುವ ಬಗೆಯನ್ನು ವಿಜ್ಞಾನಿಗಳು ಗ್ರೋಟ್ಹುಸ್‌ನ ಹೆಸರಿನಲ್ಲೇ ಕರೆಯುತ್ತಾರೆ.

ಪ್ರಯೋಗಶಾಲೆಯ ಕೊಳವೆಯಲ್ಲಿ ದೂರ ನಡೆಯುತ್ತದೆ, ಕಾರ್ಖಾನೆಯಲ್ಲಿ ನಡೆಯದು. ತಂತಿಗಳು ದೂರವಾದಷ್ಟೂ ವಿದ್ಯುತ್ತು ಶಾಖವಾಗಿ ಸೋರಿಹೋಗುತ್ತದೆ. 1880ರ ದಶಕದಲ್ಲಿ ಡೈನಮೋ ಬಂದು ವಿದ್ಯುತ್ತು ಅಗ್ಗವಾದಾಗ, ಸೇನೆಗಳ ಬಲೂನುಗಳಿಗೆ ಜಲಜನಕ ಬೇಕಾದಾಗ, ಈ ಲೆಕ್ಕ ಮುನ್ನೆಲೆಗೆ ಬಂತು. ರಷ್ಯಾದ ದ್ಮಿತ್ರಿ ಲಾಚಿನೊವ್ 1888ರಲ್ಲಿ ಕೈಗಾರಿಕಾ ವಿಧಾನವೊಂದನ್ನು ರೂಪಿಸಿದ. ಶತಮಾನ ತಿರುಗುವ ಹೊತ್ತಿಗೆ ಜ್ಯೂರಿಕ್‌ನ ಓರ್ಲಿಕಾನ್ ಕಂಪನಿ ಷ್ಮಿಟ್ ಎಂಬಾತನ ವಿನ್ಯಾಸದಂತೆ ಕಬ್ಬಿಣದ ತಟ್ಟೆಗಳನ್ನು ಒಂದರ ಪಕ್ಕ ಒಂದು ಒತ್ತಿ ಬಿಗಿದ ಯಂತ್ರಗಳನ್ನು ಮಾರತೊಡಗಿತು. ತಟ್ಟೆ ತಟ್ಟೆಯ ನಡುವೆ ಅಂಚಿಗೆ ರಬ್ಬರು ಕಟ್ಟಿದ ಒಂದು ಬಟ್ಟೆ. ಆ ಬಟ್ಟೆ ಕಲ್ನಾರಿನದು.

ಕಲ್ನಾರು ಎಂದರೆ ನಮ್ಮ ಊರುಗಳ ಮೇಲೆ ಶೀಟಾಗಿ ಕೂತಿರುವ ಅದೇ ಆಸ್ಬೆಸ್ಟಾಸ್. ಬೆಂಕಿಗೆ ಸುಡುವುದಿಲ್ಲ, ಇಂಥ ಯಂತ್ರಗಳಲ್ಲಿ ತುಂಬುವ ಕಾಸ್ಟಿಕ್ ಪೊಟ್ಯಾಶಿನಂಥ ಬಿಸಿ ಕ್ಷಾರದಲ್ಲಿ ನೆನೆದರೂ ಬೇಗ ಕೊಳೆಯುವುದಿಲ್ಲ, ನೂಲಿನಂತೆ ನೇಯಬಹುದು. ಒದ್ದೆಯಾದಾಗ ಅದರ ಸಣ್ಣ ರಂಧ್ರಗಳಲ್ಲಿ ಕ್ಷಾರದ ನೀರು ತುಂಬಿಕೊಂಡು ಗುಳ್ಳೆಗಳನ್ನು ತಡೆಯುತ್ತದೆ. ಅದನ್ನು ಜಲಜನಕಕ್ಕಾಗಿ ಯಾರೂ ಕಂಡುಹಿಡಿದದ್ದಲ್ಲ. ಉಗಿ ಯಂತ್ರದ ಕೊಳವೆಗೆ ಸುತ್ತಲು, ನಾಟಕ ಶಾಲೆಯ ಬೆಂಕಿ ಪರದೆಗೆ, ಬಾಯ್ಲರಿನ ಕೆಲಸಗಾರನ ಕೈಗವಸಿಗೆ ನೇಯುತ್ತಿದ್ದ ಬಟ್ಟೆ ಅದು. ಎಲೆಕ್ಟ್ರೋಲೈಸರ್, ಅಂದರೆ ನೀರು ಒಡೆಯುವ ಯಂತ್ರ, ಕಟ್ಟುವವರು ಅದೇ ಮಗ್ಗದಿಂದ ತಮ್ಮ ಪಾಲನ್ನು ಕೊಂಡರು, ಅಷ್ಟೆ.

ಆ ಮಗ್ಗದ ಹಿಂದೆ ಯಾರಿದ್ದರು ಎಂಬುದನ್ನು ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ 1924ರ ಮಾರ್ಚ್‌ನಲ್ಲಿ ತೀರಿಕೊಂಡಳು. ವಯಸ್ಸು 33. ವೈದ್ಯ ವಿಲಿಯಂ ಕುಕ್ ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಲ್ಲಿ ಖನಿಜದ ಎಳೆಗಳನ್ನು ಕಂಡು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದ. ಕಲ್ನಾರಿನಿಂದ ಬಂದ ಸಾವು ಎಂದು ವೈದ್ಯಕೀಯ ಪತ್ರಿಕೆಯಲ್ಲಿ ವಿವರವಾಗಿ ದಾಖಲಾದ ಮೊದಮೊದಲ ಸಾವುಗಳಲ್ಲಿ ಅದೊಂದು. ಕಂಪನಿ ಪರಿಹಾರ ಕೊಡಲಿಲ್ಲ. ಅದಾದ ಮೇಲೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಜಗತ್ತಿನ ಎಲೆಕ್ಟ್ರೋಲೈಸರುಗಳಲ್ಲಿ ಕಲ್ನಾರೇ ಸಾಮಾನ್ಯ ಗೋಡೆಯಾಗಿ ಉಳಿಯಿತು.

ಆ ಅರ್ಧ ಶತಮಾನ ಕ್ಷಾರ ಎಲೆಕ್ಟ್ರೋಲೈಸರಿನ ವೈಭವದ ಕಾಲವೂ ಹೌದು. ಅಗ್ಗದ ಜಲವಿದ್ಯುತ್ ಇದ್ದಲ್ಲೆಲ್ಲ ಅದು ತಲೆಯೆತ್ತಿತು. ನಾರ್ವೆಯ ರ್ಯೂಕನ್ ಕಣಿವೆಯ ವೆಮೋರ್ಕ್ ವಿದ್ಯುದಾಗಾರದ ಮುಂದೆ ನಾರ್ಸ್ಕ್ ಹೈಡ್ರೊ ಕಂಪನಿ 1920ರ ದಶಕದ ಕೊನೆಗೆ ದೊಡ್ಡ ಜಲಜನಕ ಭವನ ಕಟ್ಟಿತು. ಆ ಜಲಜನಕ ಅಮೋನಿಯಕ್ಕೆ, ಅಮೋನಿಯ ಗೊಬ್ಬರಕ್ಕೆ. ಜಗತ್ತಿಗೆ ನೆನಪಿರುವುದು ಅಲ್ಲಿನ ಉಪೋತ್ಪನ್ನವಾದ ಭಾರಜಲ ಮತ್ತು ಅದನ್ನು ಜರ್ಮನರ ಕೈಗೆ ಸಿಗದಂತೆ 1943ರ ಫೆಬ್ರವರಿಯ ರಾತ್ರಿ ನಾರ್ವೆಯ ಯೋಧರು ಒಡೆದ ಸಾಹಸ. ನಮ್ಮಲ್ಲಿ ಪಂಜಾಬಿನ ನಂಗಲ್ ಇದೇ ಜಾಡಿನಲ್ಲಿ ನಡೆಯಿತು. ಭಾಕ್ರಾದ ವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ, ಅದರ ಜೊತೆಗೇ 1962ರಿಂದ ಭಾರಜಲ. ಆ ವಿದ್ಯುತ್ತಿಗೆ ಬೇರೆ ಕಡೆಯ ಬೇಡಿಕೆ ಏರಿದಾಗ ಕಾರ್ಖಾನೆ ತೈಲದ ಕಡೆ ಹೊರಳಿತು. ತೈಲ ಮತ್ತು ನೈಸರ್ಗಿಕ ಅನಿಲದಿಂದ ಬರುವ ಜಲಜನಕ ಅಗ್ಗವಾಗಿದ್ದಷ್ಟು ಕಾಲ ನೀರಿನ ಜಲಜನಕಕ್ಕೆಂದು ಹೊಸ ಪೊರೆ ಹುಡುಕುವ ತಲೆನೋವು ಯಾರಿಗೂ ಬೇಕಿರಲಿಲ್ಲ.

ಹಾಗಾಗಿ ಮುಂದಿನ ಪೊರೆಯೂ ಬೇರೆಯವರದು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಸಾಯನ ವಿಜ್ಞಾನಿ ಥಾಮಸ್ ಗ್ರಬ್ 1955ರಲ್ಲಿ ಇಂಧನ ಕೋಶದ ಮೇಲೆ ಕೆಲಸ ಮಾಡುತ್ತಿದ್ದ. ಜಲಜನಕ ಮತ್ತು ಆಮ್ಲಜನಕವನ್ನು ಕೂಡಿಸಿ ವಿದ್ಯುತ್ತು ತೆಗೆಯುವ ಯಂತ್ರ ಅದು, ಎಲೆಕ್ಟ್ರೋಲೈಸರಿನ ಉಲ್ಟಾ. ಅದರಲ್ಲಿ ತುಂಬಿಸುತ್ತಿದ್ದ ಆಮ್ಲ ಅಥವಾ ಕ್ಷಾರದ ದ್ರವ ಸೋರುತ್ತಿತ್ತು, ಚೆಲ್ಲುತ್ತಿತ್ತು. ಗಡಸು ನೀರನ್ನು ಮೆದು ಮಾಡಲು ಬಳಸುವ ಅಯಾನು ವಿನಿಮಯದ ರಾಳ ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಗ್ರಬ್ ಅದೇ ಜಾತಿಯ ಒಂದು ಹಾಳೆಯನ್ನು ದ್ರವದ ಜಾಗಕ್ಕೆ ಇಟ್ಟ. ಗೋಡೆ ಮತ್ತು ದ್ರಾವಣ ಎರಡೂ ಒಂದೇ ಆಯಿತು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ಗೆ ಸಲ್ಫೋನಿಕ್ ಆಮ್ಲದ ಗುಂಪುಗಳನ್ನು ಕಟ್ಟಿದ ಹಾಳೆ. ಆ ಗುಂಪುಗಳ ಋಣಾಂಶ ಪ್ಲಾಸ್ಟಿಕ್‌ಗೆ ಅಂಟಿಕೊಂಡೇ ಇರುತ್ತದೆ, ಪ್ರೋಟಾನು ಮಾತ್ರ ಒದ್ದೆ ದಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ. ಮೂರು ವರ್ಷದ ನಂತರ ಅವನ ಸಹೋದ್ಯೋಗಿ ಲೆನಾರ್ಡ್ ನೀಡ್ರಾಕ್ ಆ ಹಾಳೆಯ ಮೇಲೇ ಪ್ಲಾಟಿನಂ ಕೂರಿಸುವ ವಿಧಾನ ಕಂಡುಕೊಂಡ. ಇವತ್ತಿನ ಪ್ರೋಟಾನು ಪೊರೆಯ ಎಲೆಕ್ಟ್ರೋಲೈಸರಿನ ಅಸ್ಥಿಪಂಜರ ಇಷ್ಟೇ.

ನಾಸಾಕ್ಕೆ ಇದು ಹಿಡಿಸಿತು. ಎರಡು ವಾರ ಕಕ್ಷೆಯಲ್ಲಿರಬೇಕಾದ ಜೆಮಿನಿ ನೌಕೆಗೆ ಬರೀ ಬ್ಯಾಟರಿ ಹೊತ್ತರೆ ಭಾರ ಮಿತಿಮೀರುತ್ತಿತ್ತು. 1965ರ ಆಗಸ್ಟ್ 21ರಂದು ಗಾರ್ಡನ್ ಕೂಪರ್ ಮತ್ತು ಪೀಟ್ ಕಾನ್ರಾಡ್ ಜೆಮಿನಿ 5ರಲ್ಲಿ ಮೇಲೇರಿದಾಗ ಮಾನವಸಹಿತ ನೌಕೆಯೊಂದರಲ್ಲಿ ಇಂಧನ ಕೋಶ ಹೋದದ್ದು ಅದೇ ಮೊದಲು. ಕೆಲವೇ ಗಂಟೆಗಳಲ್ಲಿ ಆಮ್ಲಜನಕದ ಟ್ಯಾಂಕಿನ ಹೀಟರು ಕೆಟ್ಟಿತು. 800 ಪಿಎಸ್‌ಐಗೂ ಮೇಲಿದ್ದ ಒತ್ತಡ 100ಕ್ಕೂ ಕೆಳಗೆ ಕುಸಿಯಿತು. ನೌಕೆಯನ್ನು ಹಿಂದಕ್ಕೆ ಕರೆಯಬೇಕೇ ಎಂಬ ಮಾತು ನೆಲದ ಮೇಲೆ ನಡೆಯಿತು. ಇಬ್ಬರೂ ಬಹುಪಾಲು ಉಪಕರಣಗಳನ್ನು ಆರಿಸಿ ಕೂತರು. ಅಷ್ಟು ಕಡಿಮೆ ಒತ್ತಡದಲ್ಲೂ ಕೋಶಗಳು ನಿಲ್ಲದೆ ವಿದ್ಯುತ್ತು ಕೊಟ್ಟವು, ಯಾನ ಸುಮಾರು ಎಂಟು ದಿನ ನಡೆಯಿತು.

ಆದರೆ ಪೊರೆ ಒಳಗೊಳಗೇ ಸವೆಯುತ್ತಿತ್ತು. ಕೋಶದಲ್ಲಿ ಹುಟ್ಟುವ ಪೆರಾಕ್ಸೈಡಿನಂಥ ಉಗ್ರ ಕಣಗಳು ಪಾಲಿಸ್ಟೈರೀನಿನ ಇಂಗಾಲ–ಜಲಜನಕ ಬಂಧವನ್ನೇ ಕಡಿಯುತ್ತಿದ್ದವು. ಯಾನಿಗಳು ಕುಡಿಯಬಹುದೆಂದು ಎಣಿಸಿದ್ದ ಕೋಶದ ನೀರು ಕುಡಿಯಲು ಯೋಗ್ಯವಾಗಲಿಲ್ಲ. ಚಂದ್ರನಿಗೆ ಹೋದ ಅಪೊಲೊ ನೌಕೆಗಳಿಗೆ ನಾಸಾ ಈ ಪೊರೆಯನ್ನು ಬಿಟ್ಟು ಕ್ಷಾರದ ಕೋಶವನ್ನೇ ಆರಿಸಿತು.

ಸವೆಯದ ಪೊರೆ ಬಂದದ್ದು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಿಂದ. ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರಲ್ಲಿ ಶೀತಕ ಅನಿಲ ಹುಡುಕುತ್ತ ಆಕಸ್ಮಿಕವಾಗಿ ಕಂಡ ಟೆಫ್ಲಾನ್ ಯಾವುದಕ್ಕೂ ಅಂಟುವುದಿಲ್ಲ, ಯಾವ ಆಮ್ಲಕ್ಕೂ ಬಗ್ಗುವುದಿಲ್ಲ. ಅದರಲ್ಲಿರುವುದು ಇಂಗಾಲ–ಫ್ಲೋರಿನ್ ಬಂಧ. 1960ರ ದಶಕದಲ್ಲಿ ಅದೇ ಕಂಪನಿಯ ವಾಲ್ಟರ್ ಗ್ರೋಟ್ ಟೆಫ್ಲಾನಿನ ಬೆನ್ನೆಲುಬಿಗೆ ಸಲ್ಫೋನಿಕ್ ಆಮ್ಲದ ಕವಲುಗಳಿರುವ ಪಾಲಿಮರನ್ನು ಬಳಕೆಗೆ ಬರುವ ಪೊರೆಯಾಗಿ ರೂಪಿಸಿದ. ಅದೇ ನಾಫಿಯಾನ್. ನೀರಿಗೆ ಹೆದರುವ ಬೆನ್ನೆಲುಬು, ನೀರನ್ನು ಎಳೆದುಕೊಳ್ಳುವ ಕವಲು. ಎರಡೂ ಒಂದೇ ಅಣುವಿನಲ್ಲಿ ಇರುವುದರಿಂದ ಹಾಳೆಯೊಳಗೆ ಸುಮಾರು ನಾಲ್ಕು ನ್ಯಾನೊಮೀಟರ್ ಅಗಲದ ನೀರಿನ ಕೋಣೆಗಳು ತಾವಾಗಿ ಏರ್ಪಡುತ್ತವೆ, ಒಂದಕ್ಕೊಂದು ಸಣ್ಣ ಓಣಿಗಳು ಕೂಡಿಕೊಳ್ಳುತ್ತವೆ. ಗ್ರೋಟ್ಹುಸ್ ಊಹಿಸಿದ ಕೈಬದಲು ಅಲ್ಲಿ ನಡೆಯುತ್ತದೆ. ಎಲೆಕ್ಟ್ರೋಲೈಸರಿನವರು ಬಹುಕಾಲ ನೆಚ್ಚಿದ ನಾಫಿಯಾನ್ 117 ಎಂಬ ಹಾಳೆಯ ದಪ್ಪ ಒಂದು ಇಂಚಿನ ಸಾವಿರ ಭಾಗಗಳಲ್ಲಿ ಏಳು. ಹೆಸರಿನ ಕೊನೆಯ 7 ಅದೇ.

ಆದರೆ ಅಷ್ಟು ದುಬಾರಿ ಹಾಳೆಯನ್ನು ಚದರ ಮೀಟರುಗಟ್ಟಲೆ ಕೊಳ್ಳುವವರು ಯಾರು? ಬಾಹ್ಯಾಕಾಶಕ್ಕೆ ಬೇಕಾದದ್ದು ತುಸುವೇ. ಗಿರಾಕಿ ಸಿಕ್ಕಿದ್ದು ಜಪಾನಿನಲ್ಲಿ, ಒಂದು ದೊಡ್ಡ ದುರಂತದ ದಾರಿಯಲ್ಲಿ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಪ್ರಸಂಗ ಅದು.

ನೋಗುಚಿ ಶಿತಗಾವು ಎಂಬ ಎಂಜಿನಿಯರು 1908ರಲ್ಲಿ ಕ್ಯೂಷು ದ್ವೀಪದ ಮಿನಮಾಟದಲ್ಲಿ ಕಾರ್ಬೈಡ್ ಕಾರ್ಖಾನೆಯಿಂದ ತನ್ನ ರಾಸಾಯನಿಕ ಉದ್ಯಮ ಕಟ್ಟಿದ. 1923ರಲ್ಲಿ ಅದೇ ದ್ವೀಪದ ಇನ್ನೊಂದು ಮಗ್ಗುಲಿನ ನೋಬೆಯೋಕದಲ್ಲಿ ಅಮೋನಿಯ ಕಾರ್ಖಾನೆ ತೆರೆದ. ಇಟಲಿಯ ಲುಯಿಜಿ ಕಸಾಲೆಯ ವಿಧಾನ, ನದಿಯ ವಿದ್ಯುತ್ತಿನಿಂದ ಒಡೆದ ನೀರಿನ ಜಲಜನಕ. ಎರಡನೇ ಮಹಾಯುದ್ಧದ ನಂತರ ಆ ಸಾಮ್ರಾಜ್ಯ ಒಡೆಯಿತು. ಮಿನಮಾಟದ ಕಾರ್ಖಾನೆ ಚಿಸ್ಸೊ ಕಂಪನಿಯ ಪಾಲಾಯಿತು, ನೋಬೆಯೋಕದ್ದು ಅಸಾಹಿ ಕಾಸೆ ಎಂಬ ಕಂಪನಿಯಾಯಿತು.

ಮಿನಮಾಟದಲ್ಲಿ ಮುಂದೆ ಆದದ್ದು ಜಗತ್ತಿಗೆ ಗೊತ್ತು. ಅಸಿಟಾಲ್ಡಿಹೈಡ್ ತಯಾರಿಕೆಯ ಪಾದರಸ ಸಮುದ್ರಕ್ಕೆ ಹರಿಯಿತು, ಮೀನಿಗೆ ಸೇರಿತು, ಮೀನಿನಿಂದ ಮನುಷ್ಯರ ನರಗಳಿಗೆ ಸೇರಿತು. 1956ರ ಮೇ 1ರಂದು ರೋಗ ಅಧಿಕೃತವಾಗಿ ದಾಖಲಾಯಿತು. ಕಾರಣ ಇದೇ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಬಸುರಿಯರು ತಿಂದ ಮೀನಿನ ವಿಷ ಹೊಟ್ಟೆಯ ಕೂಸಿಗೆ ಇಳಿಯಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಬಗ್ಗೆ ಓದುವಾಗ ಕೈ ನಡುಗುತ್ತದೆ.

1973ರಲ್ಲಿ ಜಪಾನಿನ ಬೇರೆ ಕೊಲ್ಲಿಗಳಲ್ಲೂ ಪಾದರಸದ ಶಂಕೆ ಎದ್ದಿತು. ಮೀನು ಕೊಳ್ಳುವವರಿಲ್ಲದಾಯಿತು, ಮೀನುಗಾರರು ಕಾರ್ಖಾನೆಗಳ ಮುಂದೆ ಬಂದು ಕೂತರು. ಕಣ್ಣು ಕಾಸ್ಟಿಕ್ ಸೋಡಾ ಉದ್ಯಮದ ಮೇಲೆ ಬಿತ್ತು. ಉಪ್ಪುನೀರನ್ನು ವಿದ್ಯುತ್ತಿನಿಂದ ಒಡೆದು ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ಮಾಡುವ ಆ ಕಾರ್ಖಾನೆಗಳು ಹರಿಯುವ ಪಾದರಸವನ್ನೇ ವಿದ್ಯುದ್ವಾರವಾಗಿ ಬಳಸುತ್ತಿದ್ದವು. ಅದನ್ನು ನಿಲ್ಲಿಸಬೇಕೆಂದು ಸರ್ಕಾರ ತೀರ್ಮಾನಿಸಿತು. ಹಳೆಯ ಪರ್ಯಾಯವೆಂದರೆ ಕಲ್ನಾರಿನ ಗೋಡೆಯ ಕೋಶ. ಅದರಲ್ಲಿ ಬರುವ ಸೋಡಾ ತೆಳು, ಉಪ್ಪು ಬೆರೆತದ್ದು. 1975ರಲ್ಲಿ ಅಸಾಹಿ ಕಾಸೆ ನೋಬೆಯೋಕದಲ್ಲಿ ಅಯಾನು ಪೊರೆಯ ಮೊದಲ ವಾಣಿಜ್ಯ ಕಾರ್ಖಾನೆ ನಡೆಸಿ ತೋರಿಸಿತು. ಪೊರೆ ಡ್ಯೂಪಾಂಟಿನ ನಾಫಿಯಾನ್. ಸ್ವಲ್ಪದರಲ್ಲೇ ಜಪಾನಿನ ಕಂಪನಿಗಳು ಅದಕ್ಕೆ ಕಾರ್ಬಾಕ್ಸಿಲಿಕ್ ಆಮ್ಲದ ಪದರ ಸೇರಿಸಿ ಇನ್ನಷ್ಟು ಬಿಗಿ ಮಾಡಿದವು. ಹೀಗೆ, ಮಿನಮಾಟದ ಕಾರ್ಖಾನೆಯನ್ನು ಹುಟ್ಟುಹಾಕಿದವನೇ ಇನ್ನೊಂದು ಕಾರ್ಖಾನೆ ತೆರೆದಿದ್ದ, ಒಂದು ಕಾಲಕ್ಕೆ ನೀರು ಒಡೆದು ಜಲಜನಕ ಮಾಡುತ್ತಿದ್ದ ಊರಿನಲ್ಲಿ, ಪಾದರಸವನ್ನು ಹೊರಗೆ ಹಾಕುವ ಪೊರೆ ಕೆಲಸಕ್ಕೆ ನಿಂತಿತು. ಆ ಅಲೆ ನಿಧಾನವಾಗಿ ಲೋಕವೆಲ್ಲ ಹಬ್ಬಿತು. ಭಾರತದ ಕಾಸ್ಟಿಕ್ ಸೋಡಾ ಕಾರ್ಖಾನೆಗಳೂ ಒಂದೊಂದಾಗಿ ಪಾದರಸ ಬಿಟ್ಟು ಪೊರೆಗೆ ಬಂದವು. ಕಾರವಾರದ ಪಕ್ಕದ ಬಿಣಗಾ ಅವುಗಳಲ್ಲಿ ಒಂದು. ಇಂಥ ಪೊರೆಗೆ ದೊಡ್ಡ ಮಾರುಕಟ್ಟೆಯನ್ನು, ಕೈಪಳಗಿದ ಕೆಲಸಗಾರರನ್ನು, ವರ್ಷಗಟ್ಟಲೆ ಬಾಳುವ ಗುಣವನ್ನು ಕೊಟ್ಟದ್ದು ಕ್ಲೋರಿನ್ ಉದ್ಯಮ.

ಜಲಜನಕ ಆಗ ಎಲ್ಲಿತ್ತು? ತೈಲದ ಬೆಲೆ ಏರಿದ ಅದೇ 1973ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಂಜಿನಿಯರುಗಳು ಪಾಲಿಮರ್ ಪೊರೆಯಿಂದ ನೀರು ಒಡೆದು ಜಲಜನಕ ತೆಗೆಯುವ ವಿಧಾನದ ಬಗ್ಗೆ ಬರೆದರು. ಕ್ಷಾರದ ಯಂತ್ರಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಅದೇ ವಿಸ್ತೀರ್ಣದಲ್ಲಿ ನುಂಗುವ, ಒತ್ತಡ ತಾಳುವ, ಕೂಡಲೇ ಏರುವ ಇಳಿಯುವ ಯಂತ್ರ ಅದು. ತೈಲ ಮತ್ತೆ ಅಗ್ಗವಾಯಿತು, ಆಸಕ್ತಿ ಇಳಿಯಿತು. ಯಂತ್ರ ಮಾತ್ರ ಬದುಕಿಕೊಂಡಿತು, ಪರಮಾಣು ಜಲಾಂತರ್ಗಾಮಿಗಳ ಹೊಟ್ಟೆಯಲ್ಲಿ. ಅಲ್ಲಿ ನಾವಿಕರ ಉಸಿರಿಗೆ ಆಮ್ಲಜನಕ ಬೇಕಿತ್ತು, ಜಲಜನಕ ಕಡಲಿಗೆ ಚೆಲ್ಲುವ ಕಸವಾಗಿತ್ತು. 1984ರಲ್ಲಿ ಜನರಲ್ ಎಲೆಕ್ಟ್ರಿಕ್ ಈ ತಂತ್ರಜ್ಞಾನವನ್ನು ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್‌ಗೆ ಮಾರಿತು. ಅದೇ ವಂಶದ ಯಂತ್ರವೊಂದು 2006ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿ ಮರುವರ್ಷದಿಂದ ಆಮ್ಲಜನಕ ಕೊಡತೊಡಗಿತು. ಅಲ್ಲಿಯೂ ಜಲಜನಕವನ್ನು ಮೊದಲಿಗೆ ಶೂನ್ಯಕ್ಕೆ ಬಿಡುತ್ತಿದ್ದರು. ಜಲಜನಕದ ಯಂತ್ರವನ್ನು ಇಪ್ಪತ್ತು ಮೂವತ್ತು ವರ್ಷ ಪೊರೆದವರಿಗೆ ಜಲಜನಕವೇ ಬೇಡವಾಗಿತ್ತು ಎನ್ನುವುದನ್ನು ಇಂದಿನ ಉತ್ಸಾಹದ ನಡುವೆ ನಾವು ಮರೆಯಬಾರದು.

ಈ ನಡುವೆ ಕಲ್ನಾರಿನ ಕಾಲ ಮುಗಿಯುತ್ತ ಬಂದಿತ್ತು. ಯುರೋಪಿನಲ್ಲಿ ನಿಷೇಧದ ದಿನ ಹತ್ತಿರವಾದಂತೆ ಕ್ಷಾರದ ಯಂತ್ರಗಳಿಗೆ ಬೇರೆ ಗೋಡೆ ಬೇಕಾಯಿತು. ಬೆಲ್ಜಿಯಂನ ಮೋಲ್ ಪಟ್ಟಣದ ವಿಟೋ ಸಂಶೋಧನಾ ಸಂಸ್ಥೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಜರ್ಫಾನ್ ಆ ಜಾಗ ತುಂಬಿತು. ಜರ್ಕೋನಿಯಂ ಆಕ್ಸೈಡಿನ ಪುಡಿಯನ್ನು ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ಕಿನ ದ್ರಾವಣದಲ್ಲಿ ಕಲಸಿ, ಹಾಳೆಯಾಗಿ ಹರಡಿ, ನೀರಿನಲ್ಲಿ ಮುಳುಗಿಸಿದರೆ ದ್ರಾವಕ ಹೊರಟುಹೋಗಿ ರಂಧ್ರಗಳು ಉಳಿಯುತ್ತವೆ. ಪುಡಿಯಿಂದಾಗಿ ಹಾಳೆ ನೀರನ್ನು ಹೀರುತ್ತದೆ, ಪ್ಲಾಸ್ಟಿಕ್ಕಿನಿಂದಾಗಿ ಬಿಗಿಯಾಗಿರುತ್ತದೆ. ನನ್ನ ಎಣಿಕೆಯಲ್ಲಿ, ನೀರಿನಿಂದ ಜಲಜನಕ ತೆಗೆಯುವ ಕೆಲಸವನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದ ಗೋಡೆ ಎನ್ನಬಹುದಾದದ್ದು ಇದೊಂದು. ಆದರೆ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಕೊನೆಗೆ ಮಾಡಿದ್ದು ಆಗ್ಫಾ, ನಮ್ಮ ಹಿರಿಯರು ಕ್ಯಾಮೆರಾಕ್ಕೆ ಹಾಕುತ್ತಿದ್ದ ಫಿಲ್ಮ್ ರೋಲಿನ ಅದೇ ಆಗ್ಫಾ. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮಿನ ವ್ಯಾಪಾರ ಕುಸಿದಿತ್ತು. ಅಗಲದ ಹಾಳೆಯ ಮೇಲೆ ಒಂದೇ ಸಮನಾದ ತೆಳು ಲೇಪ ಎಳೆಯುವ ವಿದ್ಯೆ ಮಾತ್ರ ಆಂಟ್‌ವರ್ಪ್ ಪಕ್ಕದ ಮಾರ್ಟ್ಸೆಲ್‌ನ ಕಾರ್ಖಾನೆಯಲ್ಲಿ ಹಾಗೇ ಉಳಿದಿತ್ತು. ಅರ್ಧ ಮಿಲಿಮೀಟರ್ ದಪ್ಪದ ಮೊದಲ ಹಾಳೆಗಳು ಅಲ್ಲಿಂದ ಬಂದವು, ಈಗ ಅದರ ಅರ್ಧಕ್ಕಿಂತ ತೆಳುವಾದವೂ ಬರುತ್ತಿವೆ.

ಅಸಾಹಿ ಕಾಸೆಯೂ ಕ್ಲೋರಿನ್ ಉದ್ಯಮದಲ್ಲಿ ಕಲಿತದ್ದನ್ನು ಜಲಜನಕಕ್ಕೆ ಹಿಂದಿರುಗಿಸಿತು. 2020ರ ಮಾರ್ಚ್‌ನಲ್ಲಿ ಫುಕುಷಿಮಾ ಪ್ರಾಂತದ ನಮಿಯೆಯಲ್ಲಿ, ಅಣುಸ್ಥಾವರದ ಅಪಘಾತದಿಂದ ಜನ ಊರು ಬಿಟ್ಟಿದ್ದ ನೆಲದಲ್ಲಿ, ಸೌರ ವಿದ್ಯುತ್ತಿನಿಂದ ನಡೆಯುವ ಅದರ 10 ಮೆಗಾವಾಟಿನ ಎಲೆಕ್ಟ್ರೋಲೈಸರು ಉದ್ಘಾಟನೆಯಾಯಿತು.

ನಾಫಿಯಾನಿನ ಸಾಲ ಕಣ್ಣಿಗೆ ಬಿದ್ದದ್ದು ತಡವಾಗಿ. ಡ್ಯೂಪಾಂಟಿನಿಂದ 2015ರಲ್ಲಿ ಬೇರೆಯಾದ ಕೆಮೋರ್ಸ್ ಕಂಪನಿ ಇಂಥ ಫ್ಲೋರಿನ್ ವಸ್ತುಗಳನ್ನು ಉತ್ತರ ಕೆರೊಲಿನಾದ ಫೇಯೆಟ್‌ವಿಲ್ ಹತ್ತಿರ ತಯಾರಿಸುತ್ತದೆ. ಪಕ್ಕದಲ್ಲಿ ಕೇಪ್ ಫಿಯರ್ ನದಿ. ಆ ನದಿಯ ನೀರು ಕುಡಿಯುವ ಪಟ್ಟಣದ ಹೆಸರೂ ವಿಲ್ಮಿಂಗ್ಟನ್, ನಾಫಿಯಾನ್ ಹುಟ್ಟಿದ ಊರಿನ ಹೆಸರಿನದೇ ಇನ್ನೊಂದು ಊರು. 2017ರಲ್ಲಿ ಅಲ್ಲಿನ ನಲ್ಲಿ ನೀರಿನಲ್ಲಿ ಸುಲಭಕ್ಕೆ ಒಡೆದು ನಾಶವಾಗದ ಫ್ಲೋರಿನ್ ರಾಸಾಯನಿಕಗಳಿವೆ ಎಂಬ ಸುದ್ದಿ ಹೊರಬಿತ್ತು. ಮುಂದೆ ಸಂಶೋಧಕರು ರಕ್ತ ಪರೀಕ್ಷೆ ಮಾಡಿದಾಗ ಬಹುಪಾಲು ಜನರ ರಕ್ತದಲ್ಲಿ ನಾಫಿಯಾನ್ ತಯಾರಿಕೆಯ ಒಂದು ಉಪೋತ್ಪನ್ನ ಸಿಕ್ಕಿತು. 2023ರಲ್ಲಿ ಐದು ಯುರೋಪಿಯನ್ ದೇಶಗಳು ಇಂಥ ಸಾವಿರಾರು ಫ್ಲೋರಿನ್ ಸಂಯುಕ್ತಗಳನ್ನು ಒಟ್ಟಾಗಿ ನಿರ್ಬಂಧಿಸುವ ಪ್ರಸ್ತಾವ ಇಟ್ಟವು. ಹಸಿರು ಜಲಜನಕದ ಉದ್ಯಮದವರು ತಮಗೆ ವಿನಾಯಿತಿ ಬೇಕೆಂದು ವಾದಿಸುತ್ತಿದ್ದಾರೆ. ವಾದದಲ್ಲಿ ಹುರುಳಿದೆ, ಆ ಪೊರೆಗೆ ಸರಿಸಾಟಿಯಾದ ಬದಲಿ ಇನ್ನೂ ಬಂದಿಲ್ಲ. ಆದರೂ ಕೇಪ್ ಫಿಯರ್ ದಡದ ತಾಯಂದಿರಿಗೆ ಆ ಮಾತನ್ನು ಹೇಳಬೇಕಾಗಿ ಬಂದರೆ ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಕಟ್ಟೂ ಇದೆ. ನಾಫಿಯಾನಿನ ಒಳಗು ಗಂಧಕಾಮ್ಲದಷ್ಟೇ ಹುಳಿ. ಅಲ್ಲಿ ನಿಕ್ಕಲ್, ಕಬ್ಬಿಣ ಕರಗಿಹೋಗುತ್ತವೆ. ಆಮ್ಲಜನಕ ಏಳುವ ಕಡೆ ನಿಲ್ಲಬಲ್ಲದ್ದು ಇರಿಡಿಯಂ. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವ ಇರಿಡಿಯಂ ಏಳೆಂಟು ಟನ್, ಅದರಲ್ಲಿ ಹೆಚ್ಚಿನದು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ. 2021ರಲ್ಲಿ ಬೆಂಗಳೂರಿನಲ್ಲಿ ಪ್ರೋಟಾನು ಪೊರೆಯ ಎಲೆಕ್ಟ್ರೋಲೈಸರ್ ಕಟ್ಟುವ ಕಾರ್ಖಾನೆ ತೆರೆದ ಓಮಿಯಂ ಕಂಪನಿಯಿಂದ ಹಿಡಿದು ಈ ದಾರಿ ಹಿಡಿದ ಎಲ್ಲರಿಗೂ ಇದು ಎದುರಿನ ಪ್ರಶ್ನೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕ ಅದರ ಗುರಿ. ಆ ಗುರಿಯ ಚರ್ಚೆಯಲ್ಲಿ ಸೌರ ಫಲಕದ ಬೆಲೆ ಕೇಳಿಬರುತ್ತದೆ, ಬಂದರುಗಳ ಹೆಸರು ಕೇಳಿಬರುತ್ತದೆ. ಪೊರೆಯನ್ನು ಯಾರು, ಎಲ್ಲಿ, ಯಾವ ನದಿಯ ದಡದಲ್ಲಿ ಮಾಡುತ್ತಾರೆ ಎಂಬ ಪ್ರಶ್ನೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಈಗ ಹಲವು ಪ್ರಯೋಗಶಾಲೆಗಳ ಕಣ್ಣು ಮೂರನೆಯ ಬಗೆಯ ಪೊರೆಯ ಮೇಲಿದೆ. ಪ್ರೋಟಾನಿನ ಬದಲು ಹೈಡ್ರಾಕ್ಸೈಡ್ ಅಯಾನನ್ನು ದಾಟಿಸುವ ಹಾಳೆ. ಒಳಗು ಕ್ಷಾರವಾದ್ದರಿಂದ ಇರಿಡಿಯಂ ಬೇಡ, ನಿಕ್ಕಲ್ ಸಾಕು. ಫ್ಲೋರಿನ್ ಇಲ್ಲದೆಯೂ ಕಟ್ಟಬಹುದು. ಇದರ ದೌರ್ಬಲ್ಯ ಅದರ ಹುಟ್ಟಿನಲ್ಲೇ ಇದೆ. ಹೈಡ್ರಾಕ್ಸೈಡನ್ನು ಸೆಳೆಯಲು ಪೊರೆಗೆ ಕಟ್ಟುವ ಅಮೋನಿಯಂ ಗುಂಪುಗಳನ್ನು ಅದೇ ಹೈಡ್ರಾಕ್ಸೈಡ್ ಬಿಸಿಯಲ್ಲಿ ಕಿತ್ತು ಹಾಕುತ್ತದೆ. ಡೆಲವೇರ್ ವಿಶ್ವವಿದ್ಯಾಲಯದ ಯೂಶಾನ್ ಯಾನ್ ಅವರ ತಂಡ 2019ರಲ್ಲಿ ಪಿಪೆರಿಡಿನಿಯಂ ಎಂಬ ಉಂಗುರದ ಗುಂಪನ್ನು ಕಟ್ಟಿ ಹೆಚ್ಚು ಕಾಲ ತಾಳುವ ಪೊರೆ ಮಾಡಿ ತೋರಿಸಿತು. ಆ ಪ್ರಬಂಧವೂ ಇಂಧನ ಕೋಶಕ್ಕಾಗಿ ಬರೆದದ್ದು. ಎನಾಪ್ಟರ್ ಎಂಬ ಕಂಪನಿ ಈ ಬಗೆಯ ಪೊರೆಯ ಸಣ್ಣ ಎಲೆಕ್ಟ್ರೋಲೈಸರುಗಳನ್ನು ಈಗಾಗಲೇ ಮಾರುತ್ತಿದೆ. ದೊಡ್ಡ ಕಾರ್ಖಾನೆಗೆ ಪೊರೆ ಕನಿಷ್ಠ 60,000 ಗಂಟೆ, ಅಂದರೆ ನಿಲ್ಲದೆ ನಡೆದರೆ ಸುಮಾರು ಏಳು ವರ್ಷ ಬಾಳಬೇಕು. ಹೈಡ್ರಾಕ್ಸೈಡ್ ಪೊರೆಗಳು ಆ ಗೆರೆಯನ್ನು ಇನ್ನೂ ಮುಟ್ಟಿಲ್ಲ, ಮತ್ತು ಅವನ್ನು ಪರೀಕ್ಷಿಸುವವರು ಬಿಸಿ ಕ್ಷಾರದಲ್ಲಿ ಹಾಳೆ ಮುಳುಗಿಸಿ, ತಿಂಗಳುಗಟ್ಟಲೆ ಬಿಟ್ಟು, ಎಷ್ಟು ಗುಂಪುಗಳು ಉಳಿದವು ಎಂದು ಎಣಿಸುತ್ತಿದ್ದಾರೆ.